ಕಿಸೆಯಿಲ್ಲದವರ ಕೀಲಿ

ಕಾರಿಗೆ ರಿಮೋಟ್ ಕೀಲಿ ಕಂಡುಹಿಡಿದ ಪುಣ್ಯಾತ್ಮ ಪ್ಯಾಂಟು ಹಾಕುತ್ತಿದ್ದ ಎನ್ನುವುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೊ ಕಾರಿನ ಜತೆ ಅದು ಮೊದಲು ರಸ್ತೆಗಿಳಿಯಿತು. 1998ರಲ್ಲಿ ಮರ್ಸಿಡಿಸ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುಂಡಿ ಒತ್ತುವ ಶ್ರಮವೂ ನಿಮಗೆ ಬೇಡ, ಕೀಲಿ ಕಿಸೆಯಲ್ಲಿದ್ದರೆ ಸಾಕು ಎಂದರು. ಕಿಸೆ ಎಂದರಲ್ಲ, ಅಲ್ಲೇ ನಮ್ಮ ದಾಸನಕೊಪ್ಪ ಲೆಕ್ಕದಿಂದ ಬಿಟ್ಟುಹೋಯಿತು. ಪಂಚೆಗೆ ಕಿಸೆಯಿಲ್ಲ, ಸೀರೆಗೂ ಇಲ್ಲ. ತೋಟಕ್ಕಿಳಿಯುವಾಗ ಉಡುವ ತುಂಡಿನಲ್ಲಂತೂ ಕೀಲಿ ಇಡಲು ಹೋದರೆ ತುಂಡೇ ಕೈಗೆ ಬರುತ್ತದೆ.

ನಮ್ಮದು ಶಿರಸಿ ತಾಲ್ಲೂಕಿನ ಪೂರ್ವದ ಸೆರಗು. ಇತ್ತ ಅಡಿಕೆ ತೋಟ ತೆಳುವಾಗುತ್ತ ಬಂದು, ಅತ್ತ ಹಾವೇರಿ ಕಡೆಯ ಬಯಲು ಶುರುವಾಗುತ್ತದೆ. ನಡುವೆ ಭತ್ತ, ಗೋವಿನಜೋಳ, ಶುಂಠಿ, ಅನಾನಸು. ಶುಂಠಿಗೆ ರೇಟು ಬಂದ ವರ್ಷ ಅಂಗಳಕ್ಕೆ ಹೊಸ ಕಾರು ಬರುತ್ತದೆ, ಬಾರದ ವರ್ಷ ಅದರ ಕಂತು ಬರುತ್ತದೆ. ಕಾರಿನ ಜತೆ ಬಂದ ಕರೀ ಡಬ್ಬಿಯಂಥ ಕೀಲಿಗೆ ಮಾತ್ರ ಈ ಸೀಮೆಯಲ್ಲಿ ಇನ್ನೂ ಒಂದು ಜಾಗ ಗೊತ್ತಾಗಿಲ್ಲ.

ನಮ್ಮ ಮಾವ ಅದಕ್ಕೆ ಕವಳದ ಸಂಚಿಯಲ್ಲಿ ಜಾಗ ಮಾಡಿದರು. ಎಲೆ, ಹೋಳಡಿಕೆ, ತಂಬಾಕು, ಅಡಕತ್ತರಿ, ಸುಣ್ಣದ ಡಬ್ಬಿ, ಇವುಗಳ ನಡುವೆ ಕಾರಿನ ಕೀಲಿ. ನಾನು ಅದನ್ನು ಹತ್ತಿರದಿಂದ ನೋಡಿದ್ದೇನೆ. ಬೀಗ ತೆರೆಯುವ ಗುಂಡಿಯ ಸುತ್ತ ಸುಣ್ಣ ಒಣಗಿ ಬಿಳಿ ಗೆರೆ ಕಟ್ಟಿತ್ತು. ಬೀಗ ಹಾಕುವ ಗುಂಡಿಯ ಚಿತ್ರ ಅಳಿಸಿ, ಅಲ್ಲಿ ಮಾವನ ಹೆಬ್ಬೆರಳಿನ ಕೆಂಪು ಒತ್ತಿಕೊಂಡಿತ್ತು. ಕಂಪನಿಯ ಲಾಂಛನ ಇದ್ದ ಕಡೆ ತಂಬಾಕಿನ ಎಸಳೊಂದು ಶಾಶ್ವತವಾಗಿ ನೆಲೆಸಿತ್ತು. ಮಾವ ಕವಳ ಹಾಕಲು ಸಂಚಿ ಬಿಚ್ಚಿದಾಗೆಲ್ಲ ಅಡಕತ್ತರಿ ಯಾವುದೋ ಗುಂಡಿಗೆ ತಾಗಿ ಅಂಗಳದಲ್ಲಿ ಕಾರು ಕುಂಯ್ ಎನ್ನುತ್ತಿತ್ತು. ಹೊಸ ಕಾರು, ಯಜಮಾನನ ಮೇಲೆ ಜೀವ ಇಟ್ಟಿದೆ ಎಂದು ಅತ್ತೆ ಅಂದುಕೊಂಡಿದ್ದರು.

ಆ ಪ್ರೀತಿ ಮಳೆಗಾಲದಲ್ಲಿ ಬಯಲಾಯಿತು. ಕೆಲವು ಕಾರುಗಳಲ್ಲಿ ತೆರೆಯುವ ಗುಂಡಿಯನ್ನು ಒತ್ತಿ ಹಿಡಿದರೆ ನಾಲ್ಕೂ ಕಿಟಕಿಯ ಗಾಜು ಕೆಳಗಿಳಿಯುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಬಿಸಿಗಾಳಿ ಹೊರಹೋಗಲಿ ಎಂದು ಮಾಡಿದ ಅನುಕೂಲ ಅದು. ಮಾವ ಮಧ್ಯಾಹ್ನ ಊಟವಾದ ಮೇಲೆ ಸಂಚಿಯನ್ನು ತಲೆದಿಂಬಿನ ಅಡಿ ಇಟ್ಟುಕೊಂಡು ಮಲಗಿದರು. ತಲೆಯ ಭಾರ ದಿಂಬಿಗೆ, ದಿಂಬಿನ ಭಾರ ಸಂಚಿಗೆ, ಸಂಚಿಯ ಭಾರ ಗುಂಡಿಗೆ. ಹೊರಗೆ ಆಷಾಢದ ಮಳೆ. ಎದ್ದು ನೋಡುವಾಗ ಕಾರಿನೊಳಗೆ ನಾಟಿಗೆ ಸಾಕಾಗುವಷ್ಟು ನೀರಿತ್ತು. "ಅದಕ್ಕೂ ಸೆಖೆ ಆಗಿತ್ತೇನೋ ಮಾರಾಯ" ಎಂದಷ್ಟೇ ಹೇಳಿ ಮಾವ ಕವಳ ಹಾಕಿದರು. ಕಾರು ಮತ್ತೆ ಕುಂಯ್ ಎಂದಿತು.

ಈ ಕೀಲಿಯ ಒಳಗುಟ್ಟು ತಿಳಿದವರಿಗೆ ಇದೆಲ್ಲ ಹೊಟ್ಟೆ ಉರಿಸುವ ಸಂಗತಿ. ಗುಂಡಿ ಒತ್ತಿದಾಗ ಕೀಲಿ ಸುಮಾರು 433 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯಲ್ಲಿ ಕಾರಿಗೆ ಒಂದು ಗುಟ್ಟಿನ ಸಂಖ್ಯೆ ಕಳಿಸುತ್ತದೆ. ಒಮ್ಮೆ ಹೇಳಿದ ಸಂಖ್ಯೆ ಮತ್ತೊಮ್ಮೆ ನಡೆಯುವುದಿಲ್ಲ. ಪ್ರತಿಸಲವೂ ಹೊಸದು, ಮುಂದಿನದು ಯಾವುದೆಂದು ಇವೆರಡಕ್ಕೇ ಗೊತ್ತು. ಕದ್ದು ಕೇಳಿಸಿಕೊಂಡವನು ಅದನ್ನೇ ತಿರುಗಿ ಒದರಿದರೆ ಕಾರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅಂದರೆ ಲೋಕವೆಲ್ಲ ಕಳ್ಳರೇ ಎಂದು ನಂಬಿ ಮಾಡಿದ ವ್ಯವಸ್ಥೆ ಇದು.

ನಮ್ಮೂರಿನ ವ್ಯವಸ್ಥೆ ಬೇರೆ. ಮನೆಗೆ ಬೀಗ ಹಾಕಿ ಹೋದರೆ ಕೀಲಿ ತುಳಸಿಕಟ್ಟೆಯ ಸಂದಿಯಲ್ಲಿರುತ್ತದೆ. ಇದು ಗುಟ್ಟು. ಈ ಗುಟ್ಟು ಪಕ್ಕದ ಮನೆಯ ಅತ್ತಿಗೆಗೆ, ಹಾಲಿನ ಹುಡುಗನಿಗೆ, ಕರೆಂಟ್ ಬಿಲ್ಲಿನವನಿಗೆ, ಅಡಿಕೆ ಇಳಿಸಲು ಬರುವ ಕೊನೆಗೌಡನಿಗೆ, ಅವನ ಜತೆ ಹಗ್ಗ ಹಿಡಿಯಲು ಬರುವ ಹೊಸ ಹುಡುಗನಿಗೂ ಗೊತ್ತು. ಹಾಗಾಗಿ ಪರರಿಂದ ಕಾರನ್ನು ಕಾಯಲು ಹುಟ್ಟಿದ ಕೀಲಿಯನ್ನು ದಾಸನಕೊಪ್ಪದಲ್ಲಿ ಕಾಯಬೇಕಾದದ್ದು ನಮ್ಮವರಿಂದಲೇ.

ನಮ್ಮವರಲ್ಲಿ ಮೊದಲ ಸ್ಥಾನ ಮಕ್ಕಳಿಗೆ. ರಿಮೋಟ್ ಮಕ್ಕಳ ಕೈಗೆ ಸಿಕ್ಕರೆ ಜಗಲಿಯ ಮೂಲೆಯಲ್ಲಿ ಕೂತು ಒತ್ತಿದ್ದೇ ಒತ್ತಿದ್ದು. ಕಾರು ದೂರ ಇದ್ದರೆ ಅದಕ್ಕೆ ಕೇಳುವುದಿಲ್ಲ, ಕೀಲಿ ಮಾತ್ರ ಸಂಖ್ಯೆಗಳನ್ನು ದಾಟುತ್ತ ಮುಂದೆ ಓಡುತ್ತದೆ. ಸ್ವಲ್ಪ ಹಿಂದುಮುಂದಾದರೆ ಕಾರು ಹೊಂದಿಸಿಕೊಳ್ಳುತ್ತದೆ, ಅತಿಯಾದರೆ ಇವನ್ಯಾರೋ ಎಂದು ಮುಖ ತಿರುಗಿಸುತ್ತದೆ. ಆಮೇಲೆ ಮಾಲೀಕರ ಕೈಪಿಡಿ ಹುಡುಕಿ ಎರಡಕ್ಕೂ ರಾಜಿ ಮಾಡಿಸಬೇಕು. ಕೈಪಿಡಿ ನಮ್ಮಲ್ಲಿ ಅಟ್ಟದ ಮೇಲೆ ಹಳೆಯ ಪಂಚಾಂಗಗಳ ಜತೆ ಇರುತ್ತದೆ.

ನಗುವ ವಿಷಯ ಅಲ್ಲದ್ದೂ ಎರಡಿವೆ. ಕೀಲಿಯೊಳಗಿನ ಸೆಲ್ಲಿನ ಮೇಲೆ ಸಾಮಾನ್ಯವಾಗಿ ಸಿಆರ್ 2032 ಎಂದಿರುತ್ತದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟು. ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಸರಿಯಾದ ಅಳತೆ ಅದು. ಎರಡು ಗಂಟೆಯೊಳಗೆ ಒಳಗೆ ಸುಟ್ಟ ಗಾಯ ಮಾಡಬಲ್ಲದು. ನಾಣ್ಯ ನುಂಗಿದಾಗ ಬಾಳೆಹಣ್ಣು ತಿನ್ನಿಸಿ ನಾಳೆ ನೋಡೋಣ ಎನ್ನುವ ಅಜ್ಜಿಮದ್ದು ಇದಕ್ಕೆ ನಡೆಯದು. ಸೀದಾ ಆಸ್ಪತ್ರೆಗೇ ಓಡಬೇಕು. ಹಳೇ ಸೆಲ್ಲನ್ನೂ ಕಿಟಕಿಯ ಕಟ್ಟೆಯ ಮೇಲೆ ಇಡಬಾರದು, ಬಳಸಿ ಬಿಟ್ಟದ್ದರಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಇನ್ನೊಂದು, ಕೀಲಿ ಹಿಡಿದ ಮಗು ಕಾರಿನೊಳಗೆ ಕೂತು ಲಾಕ್ ಒತ್ತುವುದು. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ತಾಪ 22 ಡಿಗ್ರಿಯಷ್ಟು ಏರಬಹುದು, ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿರುತ್ತದೆ. ಕೀಲಿ ಒಳಗೇ ಉಳಿದಿದ್ದರೆ ಗಾಜಿನ ಬೆಲೆ ಲೆಕ್ಕ ಹಾಕುತ್ತ ನಿಲ್ಲದೆ, ಮಗುವಿನಿಂದ ದೂರದ ಕಿಟಕಿಗೆ ಕಲ್ಲು ಹಾಕಬೇಕು.

ಮಕ್ಕಳ ನಂತರದ ಸ್ಥಾನ ಬಾವನಿಗೆ. ಬಾವ ಪ್ಯಾಂಟಿನವನು, ಕಿಸೆಯಿದ್ದವನು. ಆದ್ದರಿಂದ ಅವನಿಂದ ಆದ ಅನಾಹುತವೂ ಕಿಸೆಯಿದ್ದವರು ಮಾಡುವಂಥದ್ದೇ. ಹುಬ್ಬಳ್ಳಿಗೆ ಹೋಗುವವನನ್ನು ಶಿರಸಿ ಬಸ್‌ಸ್ಟ್ಯಾಂಡಿಗೆ ಬಿಡಲು ಅಕ್ಕ ಹೋಗಿದ್ದಳು. ದಾಸನಕೊಪ್ಪದಿಂದ ಅಲ್ಲಿಯವರೆಗೆ ಕಾರು ಬಿಟ್ಟವನು ಬಾವ. ಇಂಜಿನ್ ಚಾಲೂ ಇರುವಾಗಲೇ ಅವನು ಇಳಿದ, ಅಕ್ಕ ಈಚೆ ಸೀಟಿಗೆ ಬಂದಳು, ಬಸ್ಸು ಹೊರಟಿತು, ಕಾರೂ ಹೊರಟಿತು. ಕೀಲಿ ಬಸ್ಸಿನಲ್ಲಿತ್ತು.

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರು ಕೀಲಿ ದೂರ ಹೋಯಿತೆಂದು ನಡುದಾರಿಯಲ್ಲಿ ನಿಲ್ಲುವುದಿಲ್ಲ. ತಿರುವಿನಲ್ಲಿ ಇಂಜಿನ್ ನಿಂತರೆ ಜೀವಕ್ಕೇ ಸಂಚಕಾರ, ಅದಕ್ಕೆ ಹಾಗೆ ಮಾಡಿದ್ದಾರೆ. ಕೂಗಿ ಎಚ್ಚರಿಸುತ್ತದೆ ಅಷ್ಟೆ. ಅದು ಕೂಗಿತು. ಬೆಲ್ಟು ಹಾಕಿಲ್ಲವೆಂದು ಕೂಗುತ್ತಿದೆಯೆಂದುಕೊಂಡು ಅಕ್ಕ ಬೆಲ್ಟು ನೋಡಿದಳು, ಹಾಕಿತ್ತು. ಬಾಗಿಲು ನೋಡಿದಳು, ಮುಚ್ಚಿತ್ತು. ಆಮೇಲೆ ಹಾಡಿನ ಸದ್ದು ಜೋರು ಮಾಡಿದಳು, ಕೂಗು ಕೇಳುವುದು ನಿಂತಿತು. ದಾಸನಕೊಪ್ಪದ ಅಂಗಡಿಯ ಮುಂದೆ ಕೊತ್ತಂಬರಿ ಸೊಪ್ಪಿಗೆಂದು ನಿಲ್ಲಿಸಿ ಇಂಜಿನ್ ಬಂದ್ ಮಾಡಿದ ಮೇಲೆ ಕಾರು ಮತ್ತೆ ಜಪ್ಪಯ್ಯ ಎನ್ನಲಿಲ್ಲ. ಅಂಗಡಿ ಮುಂದಿದ್ದವರೆಲ್ಲ ಸೇರಿದರು. ಒಬ್ಬ ಬಾನೆಟ್ ಎತ್ತಿಸಿದ, ಒಬ್ಬ ದೂಡಿ ನೋಡೋಣ ಎಂದ, ಒಬ್ಬ ಡೀಸೆಲ್ಲಿಗೆ ನೀರು ಬಿದ್ದಿದೆ ಎಂದು ತೀರ್ಪು ಕೊಟ್ಟ. ಪೆಟ್ರೋಲ್ ಗಾಡಿ ಎಂದು ತಿಳಿದ ಮೇಲೂ ಅವನು ತೀರ್ಪು ಬದಲಿಸಲಿಲ್ಲ.

ಫೋನು ಸಿಕ್ಕಾಗ ಬಾವ ಮುಂಡಗೋಡದಲ್ಲಿದ್ದ. ಮುಂದಿನದ್ದು ನಮ್ಮ ಕಡೆಯ ಎಲ್ಲರಿಗೂ ಗೊತ್ತಿರುವ ದಾರಿ. ಎದುರಿನಿಂದ ಶಿರಸಿಗೆ ಹೊರಟ ಬಸ್ಸಿನ ಕಂಡಕ್ಟರನ ಕೈಗೆ ಕೀಲಿ ಕೊಟ್ಟು, ಬಸ್ಸಿನ ನಂಬರು ಹೇಳಿ, ಎಕ್ಕಂಬಿಯಲ್ಲಿ ಹುಡುಗ ನಿಂತಿರುತ್ತಾನೆ ಎಂದರೆ ಮುಗಿಯಿತು. ಔಷಧಿ, ಮದುವೆ ಕಾಗದ, ಮೊಬೈಲ್ ಚಾರ್ಜರು ಎಲ್ಲ ಓಡಾಡುವುದು ಹೀಗೆಯೇ. ಪ್ರತಿ ಒತ್ತಿಗೂ ಹೊಸ ಗುಟ್ಟು ಹೇಳುವ ಕೀಲಿ, ವೃತ್ತಪತ್ರಿಕೆಯ ತುಂಡಿನಲ್ಲಿ ಸುತ್ತಿಕೊಂಡು, ಗುರುತು ಪರಿಚಯ ಇಲ್ಲದವನ ಚಿಲ್ಲರೆ ಚೀಲದಲ್ಲಿ ಕೂತು ಬಂತು. ಕಂಡಕ್ಟರ್ ಬೈಕಿನ ಹುಡುಗನನ್ನು ಗುರುತು ಚೀಟಿ ಕೇಳಲಿಲ್ಲ. "ಕಾರು ನಿಂತಿದ್ದು ನಿಮ್ದೇನೋ?" ಎಂದ. ಹುಡುಗ ಹೂಂ ಎಂದ. ಕೊಟ್ಟು ಸೀಟಿ ಊದಿದ. ಅಂದಿನಿಂದ ಅಕ್ಕ, ಇಳಿಯುವವರ ಕಿಸೆ ಮುಟ್ಟಿ ನೋಡದೆ ಯಾರನ್ನೂ ಕಾರಿನಿಂದ ಇಳಿಸುವುದಿಲ್ಲ. ಲಿಫ್ಟ್ ಕೇಳಿದ ಮಾಸ್ತರರಿಗೂ ಇದೇ ಕ್ರಮ.

ಸೆಲ್ಲು ಸತ್ತಾಗ ಆಗುವ ಗಾಬರಿಗೆ ಮಾತ್ರ ಅಷ್ಟು ಅರ್ಥವಿಲ್ಲ. ಹೆಚ್ಚಿನ ಕೀಲಿಗಳ ಹೊಟ್ಟೆಯಲ್ಲಿ ಪುಟ್ಟ ಲೋಹದ ಕೀಲಿಯೊಂದು ಅಡಗಿರುತ್ತದೆ, ಪಕ್ಕದ ಕೊಂಡಿ ಒತ್ತಿದರೆ ಹೊರಗೆ ಬರುತ್ತದೆ. ಚಾಲಕನ ಬಾಗಿಲ ಹಿಡಿಕೆಯಲ್ಲಿ, ಕೆಲವೊಮ್ಮೆ ಮುಚ್ಚಳದ ಮರೆಯಲ್ಲಿ, ಅದಕ್ಕೊಂದು ತೂತೂ ಇರುತ್ತದೆ. ಒಳಗೆ ಕೂತು ಸತ್ತ ಕೀಲಿಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಅನೇಕ ಕಾರುಗಳು ಚಾಲೂ ಆಗುತ್ತವೆ. ಕೀಲಿಯೊಳಗಿನ ಚಿಪ್ಪಿಗೆ ಬೇಕಾದ ಅಷ್ಟಿಷ್ಟು ಶಕ್ತಿಯನ್ನು ಕಾರೇ ಕೊಡುತ್ತದೆ. ಸೆಲ್ಲು ಪೂರ್ತಿ ಸಾಯುವ ಮೊದಲು ದೂರ ಕಡಿಮೆಯಾದಾಗ ಕೀಲಿಯನ್ನು ಗದ್ದಕ್ಕೆ ಒತ್ತಿ ಹಿಡಿದು ಗುಂಡಿ ಒತ್ತುವ ಉಪಾಯವೂ ಇದೆ. ನೀರು ತುಂಬಿದ ತಲೆ ಆಂಟೆನಾದ ಕೆಲಸ ಮಾಡಿ ಇನ್ನಷ್ಟು ದೂರ ತಲುಪಿಸುತ್ತದೆ. ಮಾವನಿಗೆ ಹೇಳಿದೆ. "ತಲೆಯಿಂದ ಒಂದಾದರೂ ಉಪಯೋಗ ಆತಲ್ಲ" ಎಂದು ಅತ್ತೆ ಒಳಗಿನಿಂದಲೇ ಹೇಳಿದರು.

ಪರರ ಭಯ ನಮಗೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ. ಬಿಡ್ಕಿಬೈಲಿನ ಗದ್ದುಗೆಯಲ್ಲಿ ದೇವಿ, ಊರ ಸುತ್ತ ಬಯಲುಗಳಲ್ಲಿ ಬಿಳೀ ಕಾರುಗಳ ಸಾಲು. ರಾತ್ರಿ ಎಲ್ಲರೂ ಒಟ್ಟಿಗೆ ಗುಂಡಿ ಒತ್ತುತ್ತ ತಂತಮ್ಮ ಕಾರು ಕರೆಯುತ್ತಾರೆ, ಬಯಲಿಡೀ ಕುಂಯ್‌ಗುಡುತ್ತದೆ. ಇಂಥ ಗದ್ದಲದಲ್ಲಿ ಕಳ್ಳ ಅದೇ ಅಲೆಯಲ್ಲಿ ಗದ್ದಲದ ಸಂಕೇತ ಹರಡಿದರೆ ನೀವು ಲಾಕ್ ಒತ್ತಿದ್ದು ಕಾರಿಗೆ ಕೇಳಿಸುವುದೇ ಇಲ್ಲ. ನೀವು ತಿರುಗಿ ನೋಡದೆ ತೊಟ್ಟಿಲು ಏರಲು ಹೋಗುತ್ತೀರಿ. ಅದಕ್ಕೆ ದೀಪ ಮಿಣುಕಿತೇ ನೋಡಿ, ಹಿಡಿಕೆ ಎಳೆದೇ ಹೊರಡಬೇಕು ಎನ್ನುತ್ತಾರೆ. ಎಳೆದರೆ ಇನ್ನೊಂದು ಪಜೀತಿ. ಕೀಲಿ ಹತ್ತಿರವಿದ್ದರೆ ತಾನಾಗಿ ತೆರೆಯುವ ಕಾರು ಯಜಮಾನ ಬಂದನೆಂದು ತೆರೆದುಕೊಳ್ಳುತ್ತದೆ. ಮತ್ತೆ ಹಾಕು, ಮತ್ತೆ ಎಳೆ, ಮತ್ತೆ ತೆರೆಯಿತು. ಕೊನೆಗೆ ಅಕ್ಕ ಕೀಲಿ ಹಿಡಿದು ಕಬ್ಬಿನಹಾಲಿನ ಅಂಗಡಿಯ ತನಕ ಹೋಗಿ ನಿಂತು "ಈಗ ಎಳಿ" ಎಂದು ಕೂಗಿದಳು. ಬಾವ ಎಳೆದ, ತೆರೆಯಲಿಲ್ಲ. ಪರೀಕ್ಷೆ ಮಾಡುವ ಸರಿಯಾದ ಕ್ರಮ ಇದೇ. ಇದಕ್ಕೆ ಇಬ್ಬರು ಬೇಕು, ಇಬ್ಬರೂ ಮಾತಾಡುವ ಸ್ಥಿತಿಯಲ್ಲಿರಬೇಕು.

ಜಾಣ ಕಳ್ಳರದು ಇನ್ನೂ ಒಂದು ವಿದ್ಯೆ. ಕಾರಿನ ಹತ್ತಿರ ಒಬ್ಬ, ಮನೆಯೊಳಗಿನ ಕೀಲಿಯ ಹತ್ತಿರ ಗೋಡೆಯಾಚೆ ಇನ್ನೊಬ್ಬ ನಿಂತು, ಹೊಳೆಯ ಆಚೆ ದಂಡೆಯವನ ಮಾತನ್ನು ಮರದ ಮೇಲಿನವನು ಈಚೆ ಕೂಗಿ ಮುಟ್ಟಿಸಿದ ಹಾಗೆ, ಎರಡರ ಮಾತನ್ನೂ ಯಂತ್ರದಿಂದ ದಾಟಿಸುತ್ತಾರೆ. ಕೀಲಿ ಪಕ್ಕದಲ್ಲೇ ಇದೆಯೆಂದು ಕಾರು ನಂಬುತ್ತದೆ. 2011ರಲ್ಲಿ ಜ್ಯೂರಿಕ್‌ನ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳನ್ನು ಹೀಗೆ ಪರೀಕ್ಷಿಸಿದರು, ಹತ್ತೂ ಮೋಸಹೋದವು. ಹೊಸ ಕೀಲಿಗಳಲ್ಲಿ ಕೆಲವು ಅಲುಗಾಡದೆ ಬಿದ್ದಿದ್ದರೆ ನಿದ್ದೆ ಹೋಗುತ್ತವೆ. ಉಳಿದವಕ್ಕೆ ಸುಲಭದ ಮದ್ದು ಬಿಗಿ ಮುಚ್ಚಳದ ಲೋಹದ ಡಬ್ಬಿ. ರೇಡಿಯೋ ಅಲೆ ಅದನ್ನು ದಾಟುವುದು ಕಷ್ಟ. ಡಬ್ಬಿಯನ್ನು ಕಾರಿನ ಪಕ್ಕ ಹಿಡಿದು ಬಾಗಿಲು ಎಳೆದರೆ ಗೊತ್ತಾಗುತ್ತದೆ. ತೆರೆಯದಿದ್ದರೆ ಡಬ್ಬಿ ಪಾಸು.

ಇಷ್ಟು ಕೇಳಿದ್ದೇ ಅತ್ತೆ ಸಂಚಿಯಿಂದ ಕೀಲಿ ಕಿತ್ತುಕೊಂಡು, ಸುಣ್ಣ ಒರೆಸಿ, ಅಡುಗೆಮನೆಯ ಸ್ಟೀಲ್ ಡಬ್ಬಿಗೆ ಹಾಕಿದರು. ಎರಡನೇ ಕೀಲಿ ಗೋದ್ರೇಜ್ ಕಪಾಟಿಗೆ ಹೋಯಿತು. ಕಾರು ಕಳುವಾದರೆ ವಿಮೆಯವರು ಎರಡೂ ಕೀಲಿ ತೋರಿಸಿ ಎನ್ನುತ್ತಾರೆ. ಒಂದೇ ಗೊಂಚಲಿನಲ್ಲಿ ಎರಡನ್ನೂ ಕಟ್ಟಿಟ್ಟು ಒಟ್ಟಿಗೆ ಕಳೆದುಕೊಳ್ಳುವ ಜಾಣತನ ಬೇಡ ಎಂದು ನಾನೇ ಹೇಳಿದ್ದೆ. ಯಾವ ಡಬ್ಬಿ ಎಂಬುದು ಗುಟ್ಟು, ಜಪ್ಪಂದ್ರೂ ಯಾರಿಗೂ ಹೇಳಬಾರದು ಎಂದು ಅತ್ತೆ ಎಲ್ಲರನ್ನೂ ಕೂರಿಸಿ ಎಲ್ಲರಿಗೂ ಹೇಳಿದರು. ಮೊನ್ನೆ ಗೊಬ್ಬರದ ಟ್ರ್ಯಾಕ್ಟರಿಗೆ ಕಾರು ಅಡ್ಡವಾಯಿತು. ಮನೆಯವರೆಲ್ಲ ತೋಟದಲ್ಲಿದ್ದರು. ನಾವು ಬರುವಷ್ಟರಲ್ಲಿ ಪಕ್ಕದ ಮನೆಯ ಅತ್ತಿಗೆ ತುಳಸಿಕಟ್ಟೆಯಿಂದ ಮನೆಯ ಕೀಲಿ, ಎಡದಿಂದ ಮೂರನೇ ಡಬ್ಬಿಯಿಂದ ಕಾರಿನ ಕೀಲಿ ತೆಗೆದು, ಹಾಲಿನ ಹುಡುಗನಿಂದ ಕಾರು ಪಕ್ಕಕ್ಕೆ ಹಾಕಿಸಿ, ಕೀಲಿಯನ್ನು ಮತ್ತೆ ಡಬ್ಬಿಗೇ ಹಾಕಿ ಮುಚ್ಚಳ ಬಿಗಿ ಮಾಡಿ ನಿಂತಿದ್ದಳು. ಮುಚ್ಚಳ ಸಡಿಲ ಬಿಟ್ಟರೆ ಕಳ್ಳರಿಗೆ ಸಿಗ್ನಲ್ ಹೋಗುತ್ತದಂತೆ, ಹುಷಾರು ಎಂದು ನನಗೇ ಹೇಳಿದಳು.