ಮೂರು ಸುತ್ತಿನ ಗಣಪತಿ

ಪಹಣಿ ಜೆರಾಕ್ಸ್ ಮಾಡಿಕೊಡುವ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಎರಡು ಕುರ್ಚಿ ಹಿಡಿಸುವಷ್ಟು ಸಂದಿ ಉಳಿದಿದ್ದರೆ ಅಲ್ಲಿ ನಮ್ಮ ಡಿಸೈನರಣ್ಣ ಕೂತಿರುತ್ತಾನೆ. ಯಾವ ತಾಲ್ಲೂಕಿಗೆ ಬೇಕಾದರೂ ಹೋಗಿ ನೋಡಿ, ಇದ್ದೇ ಇರುತ್ತಾನೆ. ಹೆತ್ತವರು ಇಟ್ಟ ಹೆಸರು ಅವನ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ನಾಮಕರಣದ ಕಾರ್ಡಿನಿಂದ ಕೈಲಾಸ ಸಮಾರಾಧನೆಯ ಪತ್ರದವರೆಗೆ ಊರಿನವರೆಲ್ಲರ ಆಯುಸ್ಸು ಅವನ ಡಿ ಡ್ರೈವಿನಲ್ಲಿದೆ. ಹೋದ ವರ್ಷದ ಮದುವೆ ಕಾರ್ಡು ತೆರೆದು, ಗಂಡು ಹೆಣ್ಣಿನ ಹೆಸರು ಅಳಿಸಿ, ಹೊಸಬರನ್ನು ಕೂರಿಸುವುದು ನಿತ್ಯಕರ್ಮ. ಆ ಗಡಿಬಿಡಿಯಲ್ಲಿ ಹಳೆಯ ಮಾವ ಹೊಸ ಕಾರ್ಡಿನಲ್ಲೂ ಹಾಗೇ ಉಳಿದುಬಿಡುವುದುಂಟು. "ಪ್ರೂಫು ನೋಡಿದ್ದು ನೀವೇ ಅಲ್ವಾ ಸಾರ್?" ಅನ್ನುತ್ತಾನೆ. ಆ ಮಾತಿಗೆ ಇದುವರೆಗೆ ಯಾವ ಬೀಗರೂ ಉತ್ತರ ಕೊಟ್ಟಿಲ್ಲ.

ಅವನ ಬಂಡವಾಳವೆಂದರೆ ಕೋರೆಲ್ ಡ್ರಾ. 1989ರಲ್ಲಿ ಕೆನಡಾದ ಒಟ್ಟಾವದಿಂದ ಹೊರಟ ಈ ತಂತ್ರಾಂಶ ನಮ್ಮ ಡಿಟಿಪಿ ಸೆಂಟರುಗಳಿಗೆ ಬಂದು ಮನೆಯಳಿಯನ ಹಾಗೆ ಠಿಕಾಣಿ ಹೂಡಿತು. ಅದಕ್ಕಿಂತ ಎರಡು ವರ್ಷ ಹಿರಿಯನಾದ ಅಡೋಬಿ ಇಲ್ಲಸ್ಟ್ರೇಟರು ಬೆಂಗಳೂರಿನ ಏಸಿ ಆಫೀಸು ಬಿಟ್ಟು ಇತ್ತ ಹೆಚ್ಚಾಗಿ ಬರಲಿಲ್ಲ. ಎಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದವನು, "ಮಾವ, ಇಂಕ್‌ಸ್ಕೇಪ್ ಅಂತ ಇನ್ನೊಂದಿದೆ, ಪೂರ್ತಿ ಪುಕ್ಕಟೆ" ಅಂದ. ಡಿಸೈನರಣ್ಣ ಅವನನ್ನು ಕರುಣೆಯಿಂದ ನೋಡಿ, "ಮತ್ತೆ ಇದಕ್ಕೆ ಯಾರಪ್ಪ ದುಡ್ಡು ಕೊಟ್ಟಿದ್ದಾರೆ?" ಅಂದ. (ಕೋರೆಲ್ಲು ಅವನ ಕಂಪ್ಯೂಟರಿಗೆ ಯಾವ ದಾರಿಯಲ್ಲಿ ಬಂತು ಎಂದು ಮರ್ಯಾದಸ್ಥರು ಕೇಳುವುದಿಲ್ಲ.)

ಅವನ ದರ್ಬಾರು ನೋಡಬೇಕಾದರೆ ಗೌರಿ ಗಣೇಶ ಹಬ್ಬಕ್ಕೆ ಹದಿನೈದು ದಿನ ಮುಂಚೆ ಹೋಗಬೇಕು. ಬೀದಿಗೊಂದು ಯುವಕ ಸಂಘ, ಸಂಘಕ್ಕೊಂದು ಪೆಂಡಾಲು, ಪೆಂಡಾಲಿಗೆ ನಾಲ್ಕಾರು ಫ್ಲೆಕ್ಸು. ಪಕ್ಕದ ಬೀದಿಯ ಅಂಗಡಿಯವನು ಗೂಗಲ್ಲಿನಿಂದ ಗಣಪತಿಯನ್ನು ಇಳಿಸಿಕೊಂಡು ಹಾಗೇ ಅಂಟಿಸುತ್ತಾನೆ. ಚಿತ್ರ ಮಾರುವ ಕಂಪನಿಯ ಹೆಸರು ದೇವರ ಹೊಟ್ಟೆಯ ಮೇಲೆ ಓರೆಯಾಗಿ, ತೆಳ್ಳಗೆ ಉಳಿದಿರುತ್ತದೆ. ಭಕ್ತರು ಅದನ್ನು ಜನಿವಾರ ಅಂದುಕೊಂಡು ಕೈಮುಗಿಯುತ್ತಾರೆ. ನಮ್ಮವನಿಗೆ ಅದು ಸೇರುವುದಿಲ್ಲ. "ನಾನು ಬರಿಯೋನು ಸಾರ್. ಇಳಿಸೋರು ಅಲ್ಲಿದ್ದಾರೆ, ಹೋಗಿ" ಎಂದು ಬೀದಿಯ ಕಡೆ ಕೈ ತೋರಿಸುತ್ತಾನೆ.

ಬರೆಯುವುದನ್ನು ನೋಡಿಯೇ ನೋಡಬೇಕು. ಎಫ್7 ಒತ್ತಿ, ಕಂಟ್ರೋಲ್ ಹಿಡಿದು ಮೌಸ್ ಎಳೆದರೆ ದುಂಡನೆಯ ಒಂದು ಸುತ್ತು. ಅದು ಹೊಟ್ಟೆ. ಅದರ ಮೇಲೆ ಚಿಕ್ಕದೊಂದು ಸುತ್ತು ಬಿದ್ದರೆ ತಲೆ. ಮೂರನೆಯದಕ್ಕೆ ಕಂಟ್ರೋಲ್ ಕ್ಯೂ ಕೊಟ್ಟು ಕರ್ವ್ ಮಾಡಿ, ಎಫ್10ರಲ್ಲಿ ಒಂದು ನೋಡನ್ನು (ಗೆರೆಯ ಮೇಲಿನ ಹಿಡಿಬಿಂದುವನ್ನು) ಹೊರಕ್ಕೂ ಇನ್ನೊಂದನ್ನು ಕೆಳಕ್ಕೂ ಜಗ್ಗಿದರೆ ಮೊರದಗಲ ಕಿವಿ. ಒಂದು ಕಿವಿ ಬರೆದ ಮೇಲೆ ಎರಡನೆಯದನ್ನು ಬರೆಯುವುದು ಅವನ ಧರ್ಮಕ್ಕೆ ವಿರುದ್ಧ. ಕಂಟ್ರೋಲ್ ಹಿಡಿದು ಆ ಕಿವಿಯನ್ನೇ ಆಚೆ ಪಕ್ಕಕ್ಕೆ ಮಗುಚಿ, ಬಿಡುವ ಮುಂಚೆ ಮೌಸಿನ ಬಲಗುಂಡಿಯನ್ನು ಟಕ್ಕೆಂದು ಕುಟ್ಟುತ್ತಾನೆ. ಇದ್ದದ್ದು ಇದ್ದಲ್ಲೇ ಇದ್ದು ಆಚೆಗೊಂದು ಅವಳಿ ಕಿವಿ ಬಂದು ಕೂರುತ್ತದೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದರೆ ಆ ಟಕ್ಕು ಸ್ವಲ್ಪ ಜೋರಾಗಿಯೇ ಕೇಳುತ್ತದೆ.

ಸೊಂಡಿಲಿಗೆ ಬಂದಾಗ ಮಾತ್ರ ಅವನು ಬಾಯಲ್ಲಿದ್ದ ಅಡಿಕೆಯನ್ನೂ ಅಗಿಯುವುದಿಲ್ಲ. ಬೆಜಿಯರ್ ಟೂಲಿನಲ್ಲಿ ಒಂದೇ ಗೆರೆ. ಎಫ್12ರಲ್ಲಿ ಅದನ್ನು ದಪ್ಪ ಮಾಡಿ, ಗೆರೆಯನ್ನೇ ಆಕಾರವಾಗಿ ಬದಲಿಸಿ, ತುದಿಯನ್ನು ಸಣ್ಣಗೆ ಇಳಿಸಿಕೊಂಡು ಬರುತ್ತಾನೆ. ಅಡ್ಡಾದಿಡ್ಡಿ ನೋಡುಗಳನ್ನು ಒಂದೊಂದಾಗಿ ಅಳಿಸುತ್ತಾ ಹೋದಹಾಗೆ ಸೊಂಡಿಲು ನುಣುಪಾಗುತ್ತದೆ. ಹೊಸಬರು ಗೆರೆ ಸರಿಯಾಗಲಿಲ್ಲವೆಂದು ನೋಡು ಸೇರಿಸುತ್ತಾರಂತೆ, ಬಲ್ಲವರು ತೆಗೆಯುತ್ತಾರಂತೆ. ಆಮೇಲೆ ಪುಟ್ಟ ಸುತ್ತೊಂದರ ನೆತ್ತಿಯ ನೋಡನ್ನು ಚೂಪು ಮಾಡಿ ಮೇಲಕ್ಕೆಳೆದರೆ ಮೋದಕ. ಇಲಿಗೊಂದು ಮೊಟ್ಟೆಯಾಕಾರ, ಒಂದು ಬಾಲ. ಒಂದು ಸಲ ಸುತ್ತಿನಿಂದ ಸುತ್ತನ್ನು ಟ್ರಿಮ್ ಮಾಡಿ ಹಣೆಗೆ ಚಂದ್ರನನ್ನೂ ಇಟ್ಟಿದ್ದ. ಕಮಿಟಿಯ ಹಿರಿಯರು, "ಅಯ್ಯೋ, ಚೌತಿ ದಿನ ಚಂದ್ರನ್ನ ಫ್ಲೆಕ್ಸಲ್ಲಿ ಹಾಕಿ ಊರಿಗೆಲ್ಲ ಅಪವಾದ ತರ್ತೀಯೇನಪ್ಪಾ?" ಎಂದರು. ಡಿಲೀಟ್ ಒತ್ತಿದ. ಸ್ಯಮಂತಕ ಮಣಿಯ ಕಥೆ ಅವನಿಗೂ ಗೊತ್ತು.

"ಇದು ವೆಕ್ಟರು ಸಾರ್" ಎಂದು ಬೆರಳಿನಿಂದ ಪರದೆ ತಟ್ಟುತ್ತಾನೆ. "ವಿಧಾನಸೌಧದಷ್ಟು ಹಿಗ್ಗಿಸಿ, ಒಡೆಯಲ್ಲ." ಮಾತು ನಿಜ. ಫೋಟೋ ಎಂದರೆ ಚುಕ್ಕೆಗಳ ರಾಶಿ, ಹಿಗ್ಗಿಸಿದರೆ ಚುಕ್ಕೆಯೂ ಹಿಗ್ಗುತ್ತದೆ. ಈ ಗಣಪತಿ ಬರೀ ಲೆಕ್ಕ: ಗೆರೆ ಎಲ್ಲಿಂದ ಹೊರಡಬೇಕು, ಎಲ್ಲಿ ಮುಗಿಯಬೇಕು, ನಡುವೆ ಯಾವ ಕಡೆಗೆ ಎಷ್ಟು ಬಾಗಬೇಕು. ಬಾಗುವಿಕೆಯ ಈ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ಟೆಲ್ಜೊ 1959ರಲ್ಲೇ ಇದನ್ನು ಕಂಡುಕೊಂಡಿದ್ದ. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. 1960ರ ದಶಕದಲ್ಲಿ ರೆನೊ ಕಂಪನಿಯ ಪಿಯರ್ ಬೆಜಿಯರ್ ತಾನಾಗಿ ಇದೇ ಜಾಗಕ್ಕೆ ಬಂದು, ಬಹಿರಂಗವಾಗಿ ಹೇಳಿದ್ದರಿಂದ ಗೆರೆಗೆ ಅವನ ಹೆಸರೇ ನಿಂತಿತು. ಅಕ್ಕನ ಮಗನ ಬಾಯಿಂದ ಈ ಕಥೆ ಕೇಳಿದ ಡಿಸೈನರಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೂ ಒಂದು ಕಮಿಟಿ ಇತ್ತು ಅನ್ನು" ಎಂದ.

ನನ್ನನ್ನು ಕೇಳಿದರೆ ಅವನ ಗಣಪತಿ ಅಲ್ಲಿಗೆ ಮುಗಿದ. ಕಣ್ಣಿಗೆ ಎರಡು ಸಣ್ಣ ಕಮಾನು, ಮುರಿದ ಒಂದು ದಂತ, ಮತ್ತೇನಿಲ್ಲ. ಎದುರು ರಸ್ತೆಯಲ್ಲಿ ಅಮ್ಮನ ಕೈ ಹಿಡಿದು ಹೋಗುವ ಮಗುವೂ ಕಂಡ ಕೂಡಲೇ ಗುರುತು ಹಿಡಿಯುತ್ತದೆ. ಆದರೆ ಫ್ಲೆಕ್ಸಿನ ರೇಟು ಚದರಡಿ ಲೆಕ್ಕದಲ್ಲಿ. ಖಾಲಿ ಬಿಟ್ಟ ಜಾಗಕ್ಕೂ ದುಡ್ಡು ಕೊಡಬೇಕೆಂಬ ಸಂಕಟ ಕಮಿಟಿಯದು. "ಅಣ್ಣ, ಖಾಲಿ ಖಾಲಿ ಕಾಣ್ತದೆ" ಎಂಬಲ್ಲಿಂದ ಶುರುವಾಗುತ್ತದೆ. ಕಿರೀಟ ಬರುತ್ತದೆ. ಕಿರೀಟಕ್ಕೆ ಚಿನ್ನದ ಫೌಂಟನ್ ಫಿಲ್ಲು. ಬೆನ್ನಹಿಂದೆ ಸೂರ್ಯಕಿರಣ, ಎರಡು ಕಡೆ ಬಾಳೆಕಂದು, ಅದರ ಬುಡದಲ್ಲಿ ಕನ್ನಡ ಬಾವುಟ. ಒಬ್ಬ ಹುಡುಗ ಗಣಪತಿಗೆ ಕೂಲಿಂಗ್ ಗ್ಲಾಸ್ ಹಾಕಲು ಹೇಳಿ ಹಿರಿಯರಿಂದ ಬೈಸಿಕೊಳ್ಳುತ್ತಾನೆ.

ಇಷ್ಟಾದ ಮೇಲೆ ಫೋಟೋಗಳು. ಎಲ್ಲವೂ ವಾಟ್ಸಾಪಿನಲ್ಲಿ ಸೊರಗಿ ಬಂದವು. ಖಜಾಂಚಿಯ ಫೋಟೋವನ್ನು ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು, ಹೆಗಲ ಮೇಲೆ ಯಾರದೋ ಕೈ ಉಳಿದಿರುತ್ತದೆ. ಶಾಸಕರು ದೊಡ್ಡ ಗಾತ್ರ, ಮಾಜಿ ಶಾಸಕರು ಅದಕ್ಕಿಂತ ಅರ್ಧ ಅಂಗುಲ ಸಣ್ಣ, ಇಬ್ಬರೂ ಒಬ್ಬರನ್ನೊಬ್ಬರು ನೋಡುವಂತೆ ಇರಕೂಡದು. ಶುಭ ಕೋರುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸುತ್ತಿನೊಳಗೆ ಪವರ್ ಕ್ಲಿಪ್ ಮಾಡಿ ಜೋಡಿಸುತ್ತಾ ಬಂದಂತೆ ನಡುವೆ ಇದ್ದ ಗಣಪತಿ ಮೆಲ್ಲಗೆ ಮೂಲೆಗೆ ಸರಿಯುತ್ತಾನೆ. "ಅಣ್ಣ, ಸೊಂಡ್ಲು ನಮ್ಮ ಸಾಹೇಬ್ರ ಮುಖಕ್ಕೆ ಬರ್ತಾ ಇದೆ, ಆಕಡೆ ತಿರುಗಿಸಿ." ಕನ್ನಡಿ ಗುಂಡಿ ಒತ್ತಿದರೆ ಎಡಮುರಿ ಗಣಪತಿ ಕ್ಷಣದಲ್ಲಿ ಬಲಮುರಿ ಆಗುತ್ತಾನೆ. ಬಲಮುರಿಗೆ ಮಡಿ ಜಾಸ್ತಿ ಎಂದು ಹಿರಿಯರು ಗೊಣಗುತ್ತಾರೆ. ಸಾಹೇಬರ ಮುಖ ಕಾಣಿಸಬೇಕಲ್ಲ, ಮಡಿ ಮಾಡಿದರಾಯಿತು.

ಫೈಲು ಜಿಲ್ಲಾ ಕೇಂದ್ರದ ಪ್ರೆಸ್ಸಿಗೆ ಹೋಗಬೇಕು. ಅಲ್ಲಿ ಕೋರೆಲ್ಲಿನ ಹಳೆಯ ವರ್ಷನ್ನು. ಇಲ್ಲಿಯ ಫೈಲನ್ನು ವರ್ಷನ್ ಇಳಿಸಿ ಸೇವ್ ಮಾಡದಿದ್ದರೆ ಅದು ಬಾಯಿಯೇ ಬಿಡುವುದಿಲ್ಲ. ಅಕ್ಷರಗಳನ್ನು ಕರ್ವ್ ಮಾಡುವುದು ಮರೆತರಂತೂ, ನುಡಿ ಫಾಂಟು ಇಲ್ಲದ ಆ ಕಂಪ್ಯೂಟರಿನಲ್ಲಿ ಹಾರ್ದಿಕ ಶುಭಾಶಯಗಳು ತಲೆಯ ಮೇಲೆ ಚುಕ್ಕೆ ಗೀಟು ಹೊತ್ತ ಯಾವುದೋ ಯುರೋಪಿನ ಭಾಷೆಯಾಗಿ ಹೊರಬರುತ್ತವೆ. 2018ರಲ್ಲಿ ಹೈಕೋರ್ಟು ಚಾಟಿ ಬೀಸಿ ಬೆಂಗಳೂರಿನ ಫ್ಲೆಕ್ಸುಗಳನ್ನೆಲ್ಲ ಕಿತ್ತು ಹಾಕಿಸಿದಾಗ ಡಿಸೈನರಣ್ಣನಿಗೂ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಬಟ್ಟೆ ಬ್ಯಾನರು ಅಂದ. ಗಣಪತಿ ಅದೇ ಗಣಪತಿ.

ಅದೇ ಗಣಪತಿ ಡಿಸೆಂಬರಿನಲ್ಲಿ ಸಾಂತಾ ಕ್ಲಾಸ್ ಆಗುತ್ತಾನೆಂಬುದು ಊರಿನ ಬಹಳ ಜನಕ್ಕೆ ತಿಳಿಯದು. ಬೇಕರಿಯವರಿಗೆ ಕೇಕ್ ಆಫರಿನ ಬ್ಯಾನರು ಬೇಕು, ಕಾನ್ವೆಂಟಿನವರಿಗೆ ಸ್ಟೇಜಿನ ಹಿಂದಿನ ಪರದೆ ಬೇಕು. ಡಿಸೈನರಣ್ಣ ಭಾದ್ರಪದದ ಫೈಲು ತೆರೆಯುತ್ತಾನೆ. ಸೊಂಡಿಲು ಅಳಿಸಿದ ಜಾಗಕ್ಕೆ ಬಿಳಿಯ ಸುತ್ತುಗಳನ್ನು ವೆಲ್ಡ್ ಮಾಡಿದ ಗಡ್ಡ, ಕಿರೀಟವಿದ್ದಲ್ಲಿ ಟೊಪ್ಪಿ, ಹೊಟ್ಟೆಗೆ ಕೆಂಪು ಬಣ್ಣ ಮತ್ತು ಬೆಲ್ಟು. ಅಮೆರಿಕದಲ್ಲಿ ಈ ಅಜ್ಜನಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಥಾಮಸ್ ನ್ಯಾಸ್ಟ್ ಪತ್ರಿಕೆಯ ಪುಟಗಳಲ್ಲಿ ರೂಪ ಕೊಟ್ಟ. 1931ರಿಂದ ಹ್ಯಾಡನ್ ಸಂಡ್‌ಬ್ಲಾಮ್ ಕೋಕಾ ಕೋಲಾ ಜಾಹೀರಾತುಗಳಿಗಾಗಿ ಕೆಂಪು ಕೋಟಿನ, ಕೆನ್ನೆ ತುಂಬಿದ ನಗುಮುಖದವನನ್ನಾಗಿ ಬರೆಯುತ್ತಾ ಬಂದ. ಇಬ್ಬರೂ ಅದೆಷ್ಟು ಕಷ್ಟಪಟ್ಟರೋ. ನಮ್ಮವನಿಗೆ ಹೊಟ್ಟೆ ಮೊದಲೇ ತಯಾರಿತ್ತು. ಆದರೆ ಒಂದು ವರ್ಷ ಅವಸರದಲ್ಲಿ ಪಾದದ ಹತ್ತಿರದ ಇಲಿಯನ್ನು ಅಳಿಸುವುದು ಮರೆತ. ಬೇಕರಿ ಯಜಮಾನರು ಪ್ರೂಫು ನೋಡಿ ಹೌಹಾರಿದರು.

"ಏನಪ್ಪಾ ಇದು? ಬೇಕರಿ ಬ್ಯಾನರಲ್ಲಿ ಇಲಿ!"

"ರೈನ್‌ಡೀರು ಸಾರ್. ದೂರದಲ್ಲಿದೆ."

ಇಷ್ಟೆಲ್ಲ ಮಾಡಿದ ಮೇಲೆ ಬಿಲ್ಲಿನ ಜಗಳ. ಪ್ರಿಂಟಿಗೆ ಚದರಡಿ ಲೆಕ್ಕ, ಅದಕ್ಕೆ ತಕರಾರಿಲ್ಲ. ಡಿಸೈನಿಗೆ ಐನೂರು ಬರೆದಿದ್ದು ಕಂಡ ಖಜಾಂಚಿಗೆ ಬೆವರು ಬಂತು. "ಅದಕ್ಯಾಕೆ ಐನೂರು? ಕಣ್ಣ ಮುಂದೇನೇ ಬರೆದ್ರಿ. ಮೂರು ಸುತ್ತು ತಾನೇ?" ಡಿಸೈನರಣ್ಣ ಎದ್ದು ನಿಂತು ಕುರ್ಚಿ ಸರಿಸಿ, "ಬನ್ನಿ, ನೀವೇ ಸುತ್ತಿ" ಅಂದ. ಖಜಾಂಚಿ ಹಿಂದೆ ಸರಿದ. ಸಂಘದ ಅಧ್ಯಕ್ಷರಿಗೆ ಮಾತ್ರ ಹುರುಪು ಬಂದು ಮೌಸು ಹಿಡಿದರು. ಮೊದಲ ಸುತ್ತು ಹಲಸಿನಹಣ್ಣಿನಂತಾಯಿತು. ತಲೆ ಅದರಿಂದ ಒಂದಂಗುಲ ಆಚೆ ಬಿತ್ತು. ಸೊಂಡಿಲಿಗೆ ಒತ್ತಿದಷ್ಟೂ ನೋಡು ಹುಟ್ಟಿ, ಗೆರೆ ಪೇಜು ದಾಟಿ ಮಾಜಿ ಶಾಸಕರ ಕುತ್ತಿಗೆ ಸುತ್ತಿತು. ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅಧ್ಯಕ್ಷರು ಹಿಂದಕ್ಕೆ ಒರಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

"ಇದೇ ಕಳೆಯಾಗಿದೆ. ಇದನ್ನೇ ಹಾಕ್ಬಿಡಿ."

ಯಾರೂ ಎದುರಾಡಲಿಲ್ಲ. ಪೆಂಡಾಲಿನ ಅರ್ಧ ಖರ್ಚು ಅವರದ್ದು. ಆದರೆ ಒಂದು ಮಾತು ಸೇರಿಸಿದರು, ಕೆಳಗೆ ಸಣ್ಣಗೆ "ಚಿತ್ರ: ಅಧ್ಯಕ್ಷರು" ಎಂದು ಬರಬೇಕು. ಡಿಸೈನರಣ್ಣ ವಿನಯವಾಗಿ, "ಆಗಲಿ ಸಾರ್, ಒಂದು ಸಾಲಿಗೆ ಜಾಗ ಬೇಕು, ಯಾವ್ದಾದ್ರೂ ಒಂದು ಫೋಟೋ ತೆಗೀಬೇಕಾಗುತ್ತೆ" ಅಂದ. ಯಾವುದನ್ನಾದರೂ ತೆಗೆ ಎಂದರು ಅಧ್ಯಕ್ಷರು. ಅವನು ಹುಡುಕುವ ಶ್ರಮ ತೆಗೆದುಕೊಳ್ಳಲಿಲ್ಲ. ಹೆಗಲ ಮೇಲೆ ಯಾರದೋ ಕೈ ಇದ್ದ ಆ ಫೋಟೋವನ್ನು ಒತ್ತಿ ಡಿಲೀಟ್ ಕೊಟ್ಟ, ಬಿಲ್ಲಿನಲ್ಲಿ ಐನೂರು ಹಾಗೇ ಇತ್ತು.