ಪೇಟೆಗಿಳಿದ ಪ್ಲಾಂಟರ್

ಕಾಫಿ ಪ್ಲಾಂಟರ್ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಸಿಲ್ವರ್ ಓಕ್ ಮರದ ನೆರಳಿಗೆ ಒಗ್ಗಿಕೊಂಡು ಬಾಳುವ ಜೀವಿ. ವರ್ಷದ ಬಹುಪಾಲು ಅವನು ತೋಟ ಬಿಟ್ಟು ಕದಲುವುದಿಲ್ಲ. ಬೇಸಿಗೆಯಲ್ಲಿ ಹೂಮಳೆಗೆ ಕಾಯಬೇಕು, ಮುಂಗಾರಿಗೆ ಮೊದಲು ನೆರಳುಮರಗಳ ಕೊಂಬೆ ಸವರುವ ಮರಗಸಿ ಮುಗಿಸಬೇಕು, ಮಳೆಗಾಲವಿಡೀ ಕೊಳೆರೋಗದ ಮೇಲೆ ಕಣ್ಣಿಡಬೇಕು. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಇವುಗಳ ಸಂದಿನಲ್ಲಿ ಉಳಿಯುವುದು ದಸರಾ. ಆಗ ಅವನು ಸಂಸಾರಸಮೇತ ಬೇಲೂರು, ಹಾಸನ, ಹೊಳೆನರಸೀಪುರದ ಮೇಲೆ ಮೈಸೂರಿಗೆ ಇಳಿಯುತ್ತಾನೆ. ಉದ್ದೇಶ ಎರಡು: ಒಂದು ಸ್ಟೇಕ್ ಊಟ, ಒಂದು ದೀಪಾಲಂಕಾರ.

ಈ ಜೀವಿಯಲ್ಲಿ ಮೂರು ಪ್ರಭೇದಗಳುಂಟು. ಚಿಕ್ಕಮಗಳೂರಿನವನು ಹಳೆಯ ಕುಳ. 17ನೇ ಶತಮಾನದಲ್ಲಿ ಬಾಬಾಬುಡನ್ ಯೆಮನ್‌ನಿಂದ ತಂದರೆನ್ನಲಾದ ಏಳು ಬೀಜಗಳಲ್ಲಿ ಒಂದಾದರೂ ತಮ್ಮ ತೋಟಕ್ಕೆ ಬಿದ್ದಿತ್ತು ಎಂದು ಅವನು ನಂಬಿರುತ್ತಾನೆ. ಮೂಡಿಗೆರೆಯವನು ಆನೆಯ ಬಗ್ಗೆ ಮತ್ತು ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ ಬಗ್ಗೆ ಅಧಿಕಾರಯುತವಾಗಿ ಮಾತಾಡುತ್ತಾನೆ. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಅವರ ಆಪ್ತರ ಸಂಖ್ಯೆ ಆಮೇಲೂ ಏರುತ್ತಲೇ ಇದೆ. ಕಳಸದವನಿಗೆ ಕಾಫಿಯ ಜೊತೆ ಅಡಿಕೆಯೂ ಇದೆ, ಎರಡಕ್ಕೂ ಸಾಕಾಗಿ ಮಿಗುವಷ್ಟು ಮಳೆಯೂ ಇದೆ. ಹೊರನಾಡು ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ದುಡ್ಡಿಲ್ಲದೆ ಊಟ ಹಾಕುವುದನ್ನು ಕಂಡು ಬೆಳೆದ ಅವನು, ಹೋಟೆಲಿನ ದರಪಟ್ಟಿಯನ್ನು ಬಲಗಡೆಯಿಂದ ಓದಲು ಶುರುಮಾಡುತ್ತಾನೆ.

ಸ್ಟೇಕಿನ ಹಂಬಲ ಬಿಳಿ ದೊರೆಗಳು ಬಿಟ್ಟುಹೋದ ಆಸ್ತಿ. ಅವರು ತೋಟ ಮಾಡಿದ ಕಡೆಯಲ್ಲೆಲ್ಲ ಕ್ಲಬ್ಬನ್ನೂ ಮಾಡಿದರು. ನೆರೆಯ ಸಕಲೇಶಪುರದ ಮಂಜರಾಬಾದ್ ಕ್ಲಬ್ 1893ರಷ್ಟು ಹಳೆಯದು. ತೋಟ ಕೊಂಡವರಿಗೆ ಬಂಗಲೆ, ಪಲ್ಪರ್, ಲೈನ್‌ಮನೆಗಳ ಜೊತೆ ಚಾಕು-ಮುಳ್ಳುಚಮಚವೂ ಸಿಕ್ಕಿತು. ಮುಂದೆ ಮಕ್ಕಳು ಬೆಂಗಳೂರಿಗೆ ಓದಲು ಹೋಗಿ, 1965ರಿಂದ ಸ್ಟೇಕಿಗೆ ಹೆಸರಾದ ‘ದಿ ಓನ್ಲಿ ಪ್ಲೇಸ್’ನಲ್ಲಿ ಆ ವಿದ್ಯೆಯನ್ನು ಮುಂದುವರಿಸಿದರು. ದೊರೆಗಳ ಕಾಲದ ಸ್ಟೇಕಿನ ಪಟ್ಟಿ ಈಗ ಹಾಗೇ ಉಳಿದಿಲ್ಲ. 2021ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆ, 13 ವರ್ಷ ದಾಟಿದ ಎಮ್ಮೆ-ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿದೆ. ಹೀಗಾಗಿ ತಟ್ಟೆಗೆ ಬರುವುದು ಕೋಳಿ, ಹಂದಿ, ಮೀನು, ಇಲ್ಲವೇ ಅನುಭವಸ್ಥ ಕೋಣ. ಕಳಸದವನು ಪನೀರ್ ಸ್ಟೇಕ್ ಹೇಳಿ ಯಾರ ಮುಖವನ್ನೂ ನೋಡದೆ ಕೂರುತ್ತಾನೆ.

ಎಷ್ಟು ಬೇಯಿಸಬೇಕು ಎಂದು ಮಾಣಿ ಕೇಳಿದಾಗ ಪ್ಲಾಂಟರನ ನಿಜಗುಣ ಹೊರಬೀಳುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ಕಣದಲ್ಲಿ ಹರವಿ, ಶೇಕಡ 10ರ ತೇವಕ್ಕೆ ಇಳಿಯುವ ತನಕ ಒಣಗಿಸಿ ಪಳಗಿದವನು ಅವನು. ಒಳಗೆ ಕೆಂಪಗೆ ಹಸಿಯಾಗಿರುವ ಮಾಂಸ ಅವನ ಕಣ್ಣಿಗೆ ಅರೆ ಒಣಗಿದ ಮಾಲು. ಗೋದಾಮಿಗೆ ಹಾಕಿದರೆ ಬೂಸ್ಟು ಖಂಡಿತ. “ಪೂರ್ತಿ ಬೇಯ್ಲಿ ಮಾರಾಯ, ಅವಸರ ಇಲ್ಲ” ಎನ್ನುತ್ತಾನೆ. ಕಾದ ಕಬ್ಬಿಣದ ತಟ್ಟೆ ಚೊರ್ ಎನ್ನುತ್ತ ಬಂದಾಗ ಅವನ ಗಮನ ಮಾಂಸಕ್ಕಿಂತ ಮೊದಲು ಸುರಿದ ಕಾಳುಮೆಣಸಿನ ಸಾರಿನ ಮೇಲೆ ಹೋಗುತ್ತದೆ. ಮೆಣಸು ಅವನ ಉಪಬೆಳೆ, ಎಷ್ಟೋ ವರ್ಷ ಕಾಫಿ ಕೈಕೊಟ್ಟಾಗ ಮನೆ ನಡೆಸಿದ್ದೂ ಅದೇ. ತಟ್ಟೆಯಲ್ಲಿ ಎಷ್ಟು ಕಾಳಿದೆ, ಅದರಲ್ಲಿ ಜೊಳ್ಳೆಷ್ಟು ಎಂದು ಮುಳ್ಳುಚಮಚದಿಂದ ಸರಿಸಿ ನೋಡಿದ ಮೇಲೆಯೇ ಮೊದಲ ತುತ್ತು. ಅರ್ಧ ಊಟಕ್ಕೆ ಮುಳ್ಳುಚಮಚ ಬದಿಗೆ ಸರಿದು ಕೈ ಕೆಲಸಕ್ಕೆ ಇಳಿಯುತ್ತದೆ. ಅಕ್ಕಿರೊಟ್ಟಿ ಸಿಗುತ್ತದೆಯೇ ಎಂಬ ಪ್ರಶ್ನೆಯೂ ಇದೇ ಹಂತದಲ್ಲಿ ಏಳುತ್ತದೆ.

ಊಟದ ಕೊನೆಗೆ ಕಾಫಿ. 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಬಾಬಾಬುಡನ್‌ಗಿರಿ ಅರೇಬಿಕಾದ ಮಹಿಮೆಯನ್ನು ಮಾಣಿ ಅದರ ಬೆಳೆಗಾರನಿಗೇ ವಿವರಿಸುತ್ತಾನೆ. ಕಿತ್ತಳೆಯ ಸುಳಿವು, ಚಾಕೊಲೇಟಿನ ಛಾಯೆ ಇತ್ಯಾದಿ. ಪ್ಲಾಂಟರ್ ಮೊದಲ ಬಾರಿ ಕೇಳುವವನ ಹಾಗೆ ಕೇಳುತ್ತಾನೆ, ಏಕೆಂದರೆ ಅವನು ಕೇಳುತ್ತಿರುವುದು ನಿಜಕ್ಕೂ ಮೊದಲ ಬಾರಿ. ಒಳ್ಳೆಯ ಮಾಲು ರಫ್ತಿಗೆ ಹೋಗಿ, ಆರಿಸಿ ಬಿಟ್ಟ ಒಡಕು ಬೀಜವೇ ಮನೆಯ ಪುಡಿಯಾಗಿ ಬೆಲ್ಲದ ಜೊತೆ ಕುದಿಯುವುದು ಅವನ ಕಡೆಯ ಪದ್ಧತಿ. ಬಿಲ್ಲು ಬಂದ ಮೇಲೆ ಕಾಗದದ ಕರವಸ್ತ್ರದ ಮೇಲೆ ಲೆಕ್ಕ ನಡೆಯುತ್ತದೆ: ಕಪ್ಪಿಗೆ 15 ಗ್ರಾಂ ಪುಡಿ ಎಂದರೆ ಕಿಲೋಗೆ 66 ಕಪ್ಪು. ಒಂದು ಕಪ್ಪಿನ ದರದಿಂದ ಇದನ್ನು ಗುಣಿಸಿದಾಗ ಬರುವ ಮೊತ್ತವನ್ನು ಅವನು ಹೆಂಡತಿಗೆ ತೋರಿಸುವುದಿಲ್ಲ.

ಆಮೇಲೆ ದೀಪ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ಮೇಲೆ ಮೈಸೂರು ಸೀಮೆಯಲ್ಲಿ ಬೆಳಕಿನ ಯುಗ ಶುರುವಾಯಿತು. ಮಲೆನಾಡಿನ ಒಂಟಿಮನೆಗಳನ್ನು ಆ ಯುಗ ಈಗಲೂ ಮಳೆ ನೋಡಿಕೊಂಡು ತಲುಪುತ್ತದೆ. ಲೈನಿನ ಮೇಲೆ ಒಂದು ಮರ ಮಲಗಿದರೆ ವಾರಗಟ್ಟಲೆ ಕತ್ತಲೆ. ಅಂಥವನು ಸಯ್ಯಾಜಿರಾವ್ ರಸ್ತೆಯಲ್ಲಿ ಎಲ್‌ಇಡಿ ಕಮಾನುಗಳ ಕೆಳಗೆ ನಡೆಯುತ್ತಾನೆ. ಮಕ್ಕಳು ತೆರೆದ ಮಹಡಿಯ ‘ಅಂಬಾರಿ’ ಬಸ್ಸು ಹತ್ತುತ್ತಾರೆ. ವೃತ್ತದಲ್ಲಿ ನಿಲ್ಲಿಸಿದ ದೀಪದ ಆನೆಯೊಂದಿಗೆ ಊರವರು ಸೆಲ್ಫಿ ತೆಗೆದುಕೊಂಡರೆ, ಮೂಡಿಗೆರೆಯವನು ಮೊದಲು ಅದರ ಹಿಂದೆ ಮತ್ತೆಷ್ಟು ಇವೆ ಎಂದು ನೋಡುತ್ತಾನೆ. ಬುಡದಿಂದ ಕೊಂಬೆಯವರೆಗೆ ಬೆಳಕು ಸುತ್ತಿದ ಸಾಲುಮರಗಳ ಎದುರು ಮೂರೂ ಪ್ರಭೇದಗಳ ಉದ್ಗಾರ ಒಂದೇ: “ಇಷ್ಟು ಒಳ್ಳೇ ಮರಕ್ಕೆ ಮೆಣಸಿನ ಬಳ್ಳಿ ಬಿಡೋದು ಬಿಟ್ಟು ಸೀರಿಯಲ್ ಲೈಟ್ ಹಬ್ಬಿಸಿದ್ದಾರಲ್ಲ!” ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹೊತ್ತಿಕೊಂಡಾಗ ಮಾತ್ರ ಅವನು ಮೌನಿಯಾಗುತ್ತಾನೆ. ಟ್ರಿಪ್ ಆಗುವುದನ್ನು ಕಾಯುತ್ತಿರುತ್ತಾನೆ. ಆಗುವುದಿಲ್ಲ.

ನಡಿಗೆಯ ನಡುವೆ ಅವನು ಎರಡು ಸಲ ಫೋನು ತೆಗೆಯುತ್ತಾನೆ. ಒಮ್ಮೆ ದರ ನೋಡಲು: ಅರೇಬಿಕಾದ ಭಾವ ನ್ಯೂಯಾರ್ಕಿನಲ್ಲೂ ರೊಬಸ್ಟಾದ ಭಾವ ಲಂಡನ್ನಿನಲ್ಲೂ ನಿಗದಿಯಾಗುತ್ತದೆ, ಮೈಸೂರಿನ ರಾತ್ರಿ ಅಲ್ಲಿ ವ್ಯಾಪಾರದ ಹೊತ್ತು. ಇನ್ನೊಮ್ಮೆ ತೋಟದ ರೈಟರಿಗೆ: “ಎಷ್ಟು ಸೆಂಟು ಬಿತ್ತು?” ಪ್ಲಾಂಟರನ ಮಳೆ ಇಂದಿಗೂ ಇಂಚು-ಸೆಂಟಿನಲ್ಲೇ ಬೀಳುತ್ತದೆ, ನೂರು ಸೆಂಟಿಗೆ ಒಂದಿಂಚು. ವರ್ಷಕ್ಕೊಂದು ಬೆಳೆ, ಅದರ ದರ ಪರದೇಶದ್ದು, ಅದರ ಹೂವು ಬೇಸಿಗೆಯ ಒಂದಿಂಚು ಮಳೆಯದ್ದು. ಈ ಮೂರರಲ್ಲಿ ಒಂದೂ ಕೈಯಲ್ಲಿಲ್ಲದವನು ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುತ್ತಾನೆ, ಸ್ಟೇಕಾದರೂ ಸರಿ, ದೀಪವಾದರೂ ಸರಿ.

ಊರಿಗೆ ಮರಳಿದ ಮೇಲೆ ವರದಿ ಚಿಕ್ಕದು. ಊಟ ಪರವಾಗಿಲ್ಲ, ಲೈಟು ಜೋರು, ಆ ಕಡೆ ಮಳೆ ಏನೂ ಇಲ್ಲ. ಮುಂದಿನ ದಸರೆಗೂ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನಕ್ಕೆ ಏಪ್ರಿಲ್‌ನಲ್ಲಿ ಹೂಮಳೆ ಅಂಕಿತ ಹಾಕಬೇಕು.