ಊಟಿಯ ಮೇಜಿನಿಂದ ಎದ್ದ ಮಾತು

"ಮೇಷ್ಟ್ರೇ, ಸ್ನೂಕರ್ಡ್ ಅಂದ್ರೇನು?"

ಬೇಲಿಯಾಚೆ ಬಟ್ಟೆ ಒಣಗಹಾಕುತ್ತಿದ್ದ ಅಕ್ಕ ಕೇಳಿದರು. ರಾತ್ರಿ ಮಗ ಮೊಬೈಲಿಗೆ ಅದೊಂದೇ ಮಾತು ಬರೆದು ಹಾಕಿದ್ದನಂತೆ. ಕ್ಯಾರೆಟ್ ತೊಳೆಯೋ ಕಡೆ ಸರದಿ ಸಿಗದೆ ಅವನ ಲಾರಿಯ ಲೋಡು ತಡವಾಗಿ, ಬಂಡೀಪುರದ ಗೇಟಿಗೆ ಹೋಗೋ ಹೊತ್ತಿಗೆ ಒಂಬತ್ತು ದಾಟಿತ್ತು. ಗೇಟು ಮುಚ್ಚಿತ್ತು. ರಾತ್ರಿ ಸಂಚಾರಕ್ಕೆ 2009ರಲ್ಲಿ ಶುರುವಾದ ಕಟ್ಟು ಅದು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಕಾಡಿನದು. ಅದು ಹಾಗಿರುವುದೇ ಸರಿ ಅನ್ನೋನು ನಾನು.

"ಅಕ್ಕ, ಆ ಮಾತಿಗೆ ನಮ್ಮೂರಿನ ನಂಟಿದೆ" ಅಂದೆ.

"ಊಟಿದಾ? ಅದು ನಮ್ಮ ಬೆಂಗಳೂರಿನ ಪಂಕಜ್ ಅಡ್ವಾನಿ ಆಡೋ ಆಟ ಅಲ್ವಾ?"

ಅದೇ ಆಟ. 1875ರಲ್ಲಿ ಜಬಲ್ಪುರದ ದಂಡಿನಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಎಳೆಯ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಕೂಡಿಸಿ ಹೂಡಿದ್ದು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಇವರು ಬೇರೆ. ಸೈನಿಕ ಶಾಲೆಗೆ ಹೊಸದಾಗಿ ಸೇರಿದ ಹುಡುಗರನ್ನು ಆಗ 'ಸ್ನೂಕರ್' ಅನ್ನುತ್ತಿದ್ದರು. ಸುಲಭದ ಚೆಂಡನ್ನು ಗುಳಿಗೆ ಹಾಕಲಾಗದ ಗೆಳೆಯನನ್ನು ಚೇಂಬರ್ಲೇನ್ ಹಾಗೆ ಕರೆದರು, ಆ ಹೆಸರು ಆಟಕ್ಕೇ ಅಂಟಿತು. ಬೇಸಿಗೆಗೆ ಮದ್ರಾಸಿನ ದಂಡನಾಯಕರ ಜೊತೆ ಬೆಟ್ಟ ಹತ್ತುತ್ತಿದ್ದ ಅವರು, 1882ರಲ್ಲಿ ಇಲ್ಲಿನ ಊಟಿ ಕ್ಲಬ್ಬಿನಲ್ಲಿ ಆಟದ ನಿಯಮಗಳನ್ನು ಬರೆದು ಗೋಡೆಗೆ ಹಾಕಿದರು.

"ಅದೆಲ್ಲ ಸರಿ, ನನ್ನ ಮಗನಿಗೇನಾಗಿತ್ತು?"

"ನಾನು ಹೊಡೆಯಬೇಕಾದ ಚೆಂಡು ಎದುರಿಗೇ ಇರುತ್ತೆ ಅಕ್ಕ. ನಡುವೆ ಬೇರೊಂದು ಚೆಂಡು ಅಡ್ಡ ನಿಂತಿರುತ್ತೆ. ಎದುರಾಳಿ ಬೇಕಂತಲೇ ತಂದು ನಿಲ್ಲಿಸಿರ್ತಾನೆ. ನೇರ ಹೊಡೆಯೋ ಹಾಗಿಲ್ಲ, ಆಟ ಬಿಡೋ ಹಾಗೂ ಇಲ್ಲ. ಮುಟ್ಟದೆ ಹೋದರೆ ಕಡಿಮೆ ಅಂದರೂ 4 ಅಂಕ ಅವನಿಗೆ."

"ಅಡಕತ್ತರೀಲಿ ಸಿಕ್ಕ ಅಡಿಕೆ ಅನ್ನಿ."

ಎಲ್ಲರೂ ಹಾಗೇ ಅರ್ಥ ಹೇಳೋದು. ಕೆಲಸ ಕೆಟ್ಟಿತು, ಕೈ ಕಟ್ಟಿಹೋಯಿತು ಅನ್ನೋದಕ್ಕೆಲ್ಲ ಇಂಗ್ಲಿಷಿನವರೂ ಇದನ್ನು ಬಳಸುತ್ತಾರೆ. ನನಗೆ ಮಾತ್ರ ಅದು ಒಪ್ಪಿಗೆಯಿಲ್ಲ. ಅಡಕತ್ತರಿಯ ಅಡಿಕೆ ತುಂಡಾಗಲೇಬೇಕು. ಅತ್ತ ದರಿ ಇತ್ತ ಪುಲಿ ಅನ್ನೋ ಕಡೆಯೂ ಬದುಕುವ ದಾರಿ ಕಾಣದು. ಸ್ನೂಕರಿನಲ್ಲಿ ಮೇಜಿಗೆ ಅಂಚುಂಟು. ಕೈ ಬಲ್ಲವನು ಚೆಂಡನ್ನು ಅಂಚಿಗೆ ಬಡಿದು, ಅಲ್ಲಿಂದ ತಿರುಗಿಸಿ, ಅಡ್ಡ ನಿಂತದ್ದರ ಬೆನ್ನ ಹಿಂದಿನಿಂದ ಹೋಗಿ ಮುಟ್ಟುತ್ತಾನೆ. ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವ ಮಾತು ಅಡ್ಡಗಾಲು. ಅಡ್ಡಗಾಲು ಬಿದ್ದವನು ಬಳಸಿಕೊಂಡಾದರೂ ಹೋಗಬಹುದಲ್ಲ.

ಅಕ್ಕ ಕೈಯಲ್ಲಿದ್ದ ಪಂಚೆಯನ್ನು ಕೊಡವಿ ಹಗ್ಗಕ್ಕೆ ಹಾಕಿದರು.

"ಹಂಗಾದ್ರೆ ಅವನು ಸರಿಯಾಗೇ ಬರೆದವ್ನೆ. ಗೇಟಿಂದ ವಾಪಸ್ ಗೂಡಲೂರಿಗೆ ಹತ್ತಿ, ಮಾನಂತವಾಡಿ, ಕುಟ್ಟ, ಗೋಣಿಕೊಪ್ಪದ ಮೇಲೆ ಸುತ್ತಿ ಹೋದನಂತೆ. ಬೆಳಗಿನ ಜಾವ ಹುಣಸೂರಿಂದ ಫೋನ್ ಮಾಡಿದ್ದ, ಟೀ ಕುಡೀತಾ ಇದ್ದೀನಿ, ಮಲಕ್ಕೋ ಅಮ್ಮ ಅಂತ."